ಬೀದಿಯ ಅಳತೆ ತೆಗೆದ ಮಾಸ್ಟರ್

ಹೆಂಗಸರ ಬಟ್ಟೆ ಹೊಲಿಯುವ ಅರ್ಧಿಂಚು ಮಾಸ್ಟರಿಗೆ ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗಳ ಮುಖಗಳೇ ಸರಿಯಾಗಿ ಗೊತ್ತಿರಲಿಲ್ಲ. ಅಳತೆ ತೆಗೆಯುವಾಗ ಅವರ ಕಣ್ಣು ಯಾವಾಗಲೂ ಗೋಡೆಯ ಮೇಲಿರುತ್ತಿತ್ತು. ಟೇಪು ಹಿಡಿದ ಕೈ ತನ್ನ ಪಾಡಿಗೆ ತಾನು ಭುಜದಿಂದ ಮೊಣಕೈಗೆ ಇಳಿಯುತ್ತಿತ್ತು. ಬಾಯಿ ಮುಂಚಿತವಾಗಿಯೇ ಸೂಚನೆ ಕೊಡುತ್ತಿತ್ತು. "ಟೇಪು ಬರ್ತಾ ಇದೆ ಮೇಡಂ. ನೇರ ನಿಂತ್ಕೊಳ್ಳಿ. ಅಲುಗಾಡ್ಬೇಡಿ. ಆಯ್ತು, ಈಗ ತಿರುಗಿ." ಟೇಪಿನ ಅಂಕಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಹೆಂಡತಿಯ ಕೆಲಸ. ಮಾಸ್ಟರು ಆ ಹೊತ್ತಿನಲ್ಲಿ ಗೋಡೆಯ ಕ್ಯಾಲೆಂಡರನ್ನು ಎಷ್ಟು ಸಲ ಓದಿದ್ದರೆಂದರೆ, ಯಾವ ತಿಂಗಳಲ್ಲಿ ಐದು ಶನಿವಾರ ಬರುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು.

ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ಎದುರಿಗೇ ನಿಂತು "ಚೆನ್ನಾಗಿದ್ದೀರಾ ಮಾಸ್ಟರ್?" ಎಂದಾಗ ಇವರು ಕಣ್ಣು ಕಣ್ಣು ಬಿಟ್ಟರು. ಆಕೆ ಬೇಸರಪಟ್ಟು ತಿರುಗಿ ಹೊರಟ ಮೇಲೆ ಬೆನ್ನು ನೋಡಿ ಕೂಗಿದರು: "ಓ, ನೀವಾ! ಎಡಗಡೆ ಭುಜ ಸ್ವಲ್ಪ ಇಳಿದಿರೋರು!"

ಪ್ರತಿ ಹೊಲಿಗೆಯ ಒಳಗೂ ಅರ್ಧ ಇಂಚು ಬಟ್ಟೆ ಮಡಚಿಟ್ಟು, "ನಾಳೆ ದಪ್ಪ ಆದ್ರೆ ಬಿಚ್ಕೋಬಹುದು" ಎಂದು ಮುಲಾಜಿಲ್ಲದೆ ಹೇಳುತ್ತಿದ್ದುದರಿಂದ ಅರ್ಧಿಂಚು ಎಂಬ ಹೆಸರು ಬಿದ್ದಿತ್ತು. ಆದರೆ ಬೀದಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸುತ್ತಿದ್ದುದು ಆ ಅಂಗಡಿಯೊಂದಕ್ಕೇ.

ಇಂಥವರ ಕೈಗೆ ಕ್ಯಾಮೆರಾ ಇರುವ ಡ್ರೋನ್ ಬಂದದ್ದು ಭಾವಮೈದನಿಂದ. ಅವನು ಆಸೆಪಟ್ಟು ಕೊಂಡಿದ್ದ. ಮೊದಲ ದಿನವೇ ಅದು ಅವನ ಹಣೆಯನ್ನು ಹುಡುಕಿಕೊಂಡು ಬಂದಿತ್ತು. "ಭಾವ, ಇದನ್ನ ನೀವೇ ಇಟ್ಕೊಳ್ಳಿ. ನನ್ನ ಕಂಡ್ರೆ ಇದಕ್ಕಾಗಲ್ಲ" ಎಂದು ಡಬ್ಬಿ ಸಮೇತ ಕೊಟ್ಟು ಹೋದ.

ಮಾಸ್ಟರು ಅದರ ಜೊತೆ ಬಂದಿದ್ದ ಪುಸ್ತಿಕೆಯನ್ನು ಮೂರು ಸಲ ಓದಿದರು. ಜನರ ತಲೆಯ ಮೇಲೆ ಹಾರಿಸಬಾರದು. ಕಣ್ಣಿಗೆ ಕಾಣದಷ್ಟು ದೂರ ಬಿಡಬಾರದು. ಹಾರುವಾಗ ಅದರ ಮೇಲಿನಿಂದ ದೃಷ್ಟಿ ತೆಗೆಯಬಾರದು. ಮುಖ್ಯವಾದ ಸಾಲುಗಳ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಗೆರೆ ಎಳೆದರು. ನಾಲ್ಕು ರೆಕ್ಕೆಗಳಿಗೂ ಬೇರೆಬೇರೆ ಅರೆ ಇರುವ, ಒಳಗೆ ಹತ್ತಿ ತುಂಬಿದ ಚೀಲವನ್ನು ಹೊಲಿದರು. "ನನಗೊಂದು ದಿಂಬಿನ ಕವರು ಹೊಲಿದುಕೊಡಿ ಅಂತ ಎರಡು ವರ್ಷದಿಂದ ಕೇಳ್ತಾ ಇದೀನಿ" ಎಂದಳು ಹೆಂಡತಿ.

ಬೀದಿಯ ಕೊನೆಗಿದ್ದ ಮೈದಾನದಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ ಹಾರಿಸುತ್ತಿದ್ದರು. ಮೂವತ್ತು ವರ್ಷ ಸೂಜಿಯ ಮೊನೆಗೆ ಬಾಗಿದ್ದ ಕತ್ತು ಮೇಲಕ್ಕೆತ್ತಿದಾಗ ಮೊದಮೊದಲು ನೋಯುತ್ತಿತ್ತು. ಆಮೇಲೆ ಆ ನೋವಿಗೇ ಕಾಯುವಂತಾಯಿತು. ಆಕಾಶವೆಂಬ ಬಟ್ಟೆ ಇಷ್ಟು ಅಗಲದಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಎಡವಟ್ಟಾದದ್ದು ಒಂದು ಸಂಜೆ. ಯಾರಿಗೂ ತಗುಲದಂತೆ ರೆಕ್ಕೆಗಳ ಸುತ್ತ ಹಾಕುವ ಹೊಸ ಪ್ಲಾಸ್ಟಿಕ್ ಬಳೆಗಳು ಬಂದಿದ್ದವು. ಸರಿಯಾಗಿ ಕೂತಿವೆಯೇ ಎಂದು ಎರಡೇ ನಿಮಿಷ ನೋಡೋಣವೆಂದು ಮಾಸ್ಟರು ಅಂಗಡಿಯ ತಾರಸಿಯಿಂದಲೇ ಹಾರಿಸಿದರು. ಗಾಳಿ ಎದ್ದಿತು. ಡ್ರೋನಿನ ಮೂತಿ ಇವರ ಕಡೆಗಿತ್ತು. ಇವರು ಎಡಕ್ಕೆ ಒತ್ತಿದರೆ ಅದು ಬಲಕ್ಕೆ ಹೋಯಿತು, ಗಾಬರಿಯಲ್ಲಿ ಇನ್ನೇನೋ ಒತ್ತಿದರೆ ಹಿಂದಹಿಂದಕ್ಕೆ ಸರಿದು ಪಕ್ಕದ ತಾರಸಿಯ ಮೇಲೆ ಗಾಳಿಯಲ್ಲಿ ನಿಂತಿತು.

ಆ ತಾರಸಿಯಲ್ಲಿ ಗಣಿತದ ಟೀಚರ್ ತಲೆಗೆ ಕಪ್ಪು ಬಣ್ಣ ಹಚ್ಚಿ, ಮೇಲೊಂದು ಪ್ಲಾಸ್ಟಿಕ್ ಚೀಲ ಬಿಗಿದುಕೊಂಡು, ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದರು. ಗುಂಯ್ ಎಂಬ ಸದ್ದಿಗೆ ಧಡಕ್ಕನೆ ಎದ್ದರು. ಅವರು ಅಲುಗಾಡಿದರೆ ರೆಕ್ಕೆ ತಗಲೀತು ಎಂದು ಮಾಸ್ಟರ ಜೀವ ಬಾಯಿಗೆ ಬಂತು. ಬಾಯಿಂದ ಹೊರಟದ್ದು ಮಾತ್ರ ಅಭ್ಯಾಸದ ಮಾತು.

"ಮೇಡಂ, ಅಲುಗಾಡ್ಬೇಡಿ! ಹಾಗೇ ನಿಂತ್ಕೊಳ್ಳಿ. ಹಾಂ, ಹಾಗೇ. ಆಯ್ತು, ಈಗ ತಿರುಗಿ."

ಟೀಚರ್ ಕಿರುಚಿದ್ದು ಬೀದಿಯ ಎರಡೂ ತುದಿಗೆ ಕೇಳಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದ ಟೀಚರ್ ಮೆಟ್ಟಿಲು ಹತ್ತಲಿಲ್ಲ. "ನನ್ನ ಬಟ್ಟೆ ವಾಪಸ್ ಕೊಡಿ."

"ಇನ್ನೂ ಕತ್ತರಿಸಿಲ್ಲ ಮೇಡಂ..."

"ಒಳ್ಳೇದೇ ಆಯ್ತು. ಫೋಟೋ ತೆಗೆಯೋದಲ್ದೆ ಪೋಸ್ ಬೇರೆ ಹೇಳ್ಕೊಡ್ತೀರಾ?"

ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂವರು ಬಂದು ಬಟ್ಟೆ ಹಿಂದಕ್ಕೆ ಒಯ್ದರು. ಯಾರೂ ಜಗಳ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸಂಜೆ ಮಾಸ್ಟರು ಮೆಷಿನ್ನಿನ ಮುಂದೆ ಸುಮ್ಮನೆ ಕೂತರು. ಹೊಲಿಗೆ ಕೆಟ್ಟರೆ ಬಿಚ್ಚಿ ಹೊಲಿಯಬಹುದು. ಕೆಟ್ಟ ಹೆಸರನ್ನು ಎಲ್ಲಿಂದ ಬಿಚ್ಚುವುದು?

"ಈ ಡ್ರೋನನ್ನೇ ಕತ್ತರಿಸಿ ಎಸೆದುಬಿಡ್ತೀನಿ" ಎಂದು ದೊಡ್ಡ ಕತ್ತರಿ ಎತ್ತಿಕೊಂಡರು.

"ರೀ, ಕತ್ತರಿ ಹಾಳಾಗತ್ತೆ, ಕೆಳಗಿಡಿ" ಎಂದಳು ಹೆಂಡತಿ. "ಇಷ್ಟು ವರ್ಷ ಯಾರನ್ನಾದ್ರೂ ಕೇಳದೆ ಟೇಪು ಹಿಡಿದಿದೀರಾ?"

"ಛೆ, ಛೆ."

"ಮತ್ತೆ ಇದನ್ನ ಯಾಕೆ ಕೇಳದೆ ಹಾರಿಸಿದ್ರಿ?"

ಮಾಸ್ಟರು ಕತ್ತರಿ ಕೆಳಗಿಟ್ಟರು. ಅಳತೆ ಪುಸ್ತಕ ತೆಗೆದು ಹೊಸ ಹಾಳೆ ತಿರುವಿದರು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬೀದಿಗಿಳಿದರು. ಒಂದೊಂದು ಬಾಗಿಲಲ್ಲೂ ಒಂದೇ ಪ್ರಶ್ನೆ: "ಡ್ರೋನ್ ವಿಚಾರ. ಎಲ್ಲಿ, ಯಾವಾಗ ಹಾರಿಸ್ಬಹುದು? ನಿಮ್ಮ ಮನೆ ಅಳತೆ ಹೇಳಿ. ಬಿಗಿಯಾಗಿರಲೋ, ಸ್ವಲ್ಪ ಸಡಿಲ ಬಿಡಲೋ?"

ಮೊದಲ ಮನೆಯ ನರ್ಸು ಆಕಳಿಸುತ್ತ ಬಾಗಿಲು ತೆಗೆದಳು. "ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಎಂಟಕ್ಕೆ ಮಲಗ್ತೀನಿ. ಆಮೇಲೆ ದಿನವಿಡೀ ಗುಂಯ್ ಅನ್ನಂಗಿಲ್ಲ. ಅಂದ್ರೆ ನಿಮಗೇ ಸೂಜಿ."

"ಎಂಟರ ನಂತರ ಬೇಡ" ಎಂದು ಬರೆದುಕೊಂಡರು.

ಬೇಕರಿಯವನು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೇಳಿದ: "ಬೆಳಿಗ್ಗೆ ಏಳರ ತನಕ ನಮ್ಮೋರು ಮೈದಾನದ ಪಕ್ಕ ಮೂಟೆ ಇಳಿಸ್ತಾರೆ. ತಲೆ ಮೇಲೆ ಮೂಟೆ ಇದ್ದೋನು ಮೇಲೆ ಹೇಗೆ ನೋಡ್ತಾನೆ ಮಾಸ್ಟರ್?"

ಪಾರಿವಾಳ ಸಾಕಿದ ಅಜ್ಜ ತನ್ನ ಹಕ್ಕಿಗಳ ಪರವಾಗಿ ಮಾತಾಡಿದ. "ಅವು ಮಹಡಿಗಿಂತ ಕೆಳಗೆ ಬರಲ್ಲ. ನಿನ್ನ ಗಿರಗಿಟ್ಲೆ ಮಹಡಿಗಿಂತ ಮೇಲೆ ಹೋಗಬಾರದು. ಒಪ್ಪಂದ?" ಓಟದ ತರಬೇತಿ ಕೊಡುವಾಕೆ, ಭಾನುವಾರ ಬಿಟ್ಟು ಮಿಕ್ಕ ದಿನವೆಲ್ಲ ಬೆಳಿಗ್ಗೆ ಮೈದಾನ ತನ್ನ ಹುಡುಗಿಯರದು ಎಂದಳು. ಮಿಕ್ಕ ಮನೆಗಳವರೆಲ್ಲ ಒಂದೇ ಮಾತು ಹೇಳಿದರು: ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಮುಂದೆ, ಕೂಡದು.

ಕೊನೆಗೆ ಉಳಿದದ್ದು ಟೀಚರ ಬಾಗಿಲು. ಮಾಸ್ಟರು ಎರಡು ಸಲ ಬೆಲ್ಲಿನವರೆಗೆ ಕೈ ಒಯ್ದು ಹಿಂದಕ್ಕೆ ತೆಗೆದರು. ಮೂರನೆಯ ಸಲ ಬಾಗಿಲು ತಾನೇ ತೆರೆಯಿತು.

"ಕಿಟಕೀಲಿ ನೋಡ್ತಾನೇ ಇದೀನಿ. ಏನು?"

ಮಾಸ್ಟರು ಉಗುರಿನಷ್ಟು ಅಗಲದ ಮೆಮರಿ ಕಾರ್ಡನ್ನು ಅಂಗೈಯಲ್ಲಿ ಮುಂದೆ ಹಿಡಿದರು. "ಅವತ್ತು ತೆಗೆದಿದ್ದು ಇದರಲ್ಲಿರಬಹುದು ಮೇಡಂ. ನಾನು ನೋಡಿಲ್ಲ. ನೀವೇ ನೋಡಿ, ನೀವೇ ಅಳಿಸಿ."

ಟೀಚರ್ ಕಾರ್ಡು ತೆಗೆದುಕೊಂಡು ಕಂಪ್ಯೂಟರಿಗೆ ಹಾಕಿದರು. ಮಾಸ್ಟರು ಹೊಸ್ತಿಲಲ್ಲೇ ನಿಂತು ಗೋಡೆಗೆ ಮುಖ ಮಾಡಿದರು. ಒಳಗಿನಿಂದ ಒಂದು ವಿಚಿತ್ರ ಸದ್ದು ಕೇಳಿತು. ಅಳುತ್ತಿದ್ದಾರೆಂದುಕೊಂಡರು ಮಾಸ್ಟರು.

"ಇಲ್ಲಿ ಬನ್ನಿ ಮಾಸ್ಟರ್. ಬನ್ನಿ ಅಂದ್ರೆ!"

ತೆರೆಯ ಮೇಲೆ ಟೀಚರಿರಲಿಲ್ಲ. ಮಾಸ್ಟರಿದ್ದರು. ಹಿಮ್ಮುಖವಾಗಿ ಹೋದ ಡ್ರೋನು ಉದ್ದಕ್ಕೂ ಇವರನ್ನೇ ನೋಡಿತ್ತು. ಅಂಗಡಿಯ ತಾರಸಿ, ಕುತ್ತಿಗೆಗೆ ಟೇಪು ಹಾಕಿಕೊಂಡ ಬೋಳುತಲೆಯ ಮನುಷ್ಯ. ಪಕ್ಕದ ತಾರಸಿಯಲ್ಲಿ ಹೆಂಗಸಿದ್ದಾರೆಂದು ತಿಳಿದ ಕ್ಷಣವೇ ಆತ ಕತ್ತನ್ನು ಪೂರ್ತಿ ಆಚೆ ತಿರುಗಿಸಿ, ನೀರಿನ ಟ್ಯಾಂಕನ್ನೇ ದಿಟ್ಟಿಸುತ್ತ, ಅಂದಾಜಿನ ಮೇಲೆ ರಿಮೋಟು ಒತ್ತುತ್ತ, ಟ್ಯಾಂಕಿಗೇ ಏನೋ ವಿನಯದಿಂದ ಹೇಳುತ್ತಿದ್ದ.

ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ, ಇದ್ದಕ್ಕಿದ್ದಂತೆ ತರಗತಿಯ ಮುಖ ಮಾಡಿದರು.

"ನೋಡಿದ್ರಿ ಅಂತ ಬೈದೆ. ತಪ್ಪಾಯ್ತು. ಈಗ ನೋಡದೆ ಹಾರಿಸಿದ್ದಕ್ಕೆ ಬೈತೀನಿ. ತಲೆ ಮೇಲೆ ನಾಲ್ಕು ರೆಕ್ಕೆ ತಿರುಗ್ತಾ ಇದ್ರೆ ನೀವು ಟ್ಯಾಂಕ್ ನೋಡ್ತೀರಾ? ನನ್ನ ಕಿವಿ ಹೋಗಿದ್ರೆ?"

"ನೀವು ಮೇಡಂ... ತಲೆಗೆ ಚೀಲ ಕಟ್ಕೊಂಡಿದ್ರಿ, ಹೇಗೆ ನೋಡ್ಲಿ..."

"ಅದು ಹೇಗೆ ಗೊತ್ತು?"

"ಚರಚರ ಸದ್ದು ಬರ್ತಿತ್ತು."

"ಮರ್ಯಾದೆ ಬೇರೆ, ಡ್ರೋನ್ ಬೇರೆ ಮಾಸ್ಟರ್. ಹೆಂಗಸರು ಕಂಡ್ರೆ ಮೊದಲು ಅದನ್ನ ಇಳಿಸಿ, ಆಮೇಲೆ ಎತ್ತ ಬೇಕೋ ತಿರುಗಿ. ಎಲ್ಲಿ, ಆ ಪುಸ್ತಕ ಕೊಡಿ."

ಪುಟವನ್ನು ಮೇಲಿನಿಂದ ಕೆಳಗೆ ಓದಿದರು. ಕೆಂಪು ಪೆನ್ನು ತೆಗೆದು ಒಂದೊಂದೇ ಷರತ್ತಿಗೆ ಗುರುತು ಹಾಕುತ್ತ, ಬಾಯಲ್ಲೇ ಲೆಕ್ಕ ಹಾಕಿ, ಕೆಳಗೆ ಉತ್ತರ ಬರೆದು ಎರಡು ಗೆರೆ ಎಳೆದರು.

"ಎಲ್ಲಾ ಕಳೆದ್ರೆ ಉಳಿಯೋದು ಇಷ್ಟೇ. ಭಾನುವಾರ ಬೆಳಿಗ್ಗೆ ಏಳರಿಂದ ಎಂಟು. ಮೈದಾನದ ಮಧ್ಯ. ಮಹಡಿಗಿಂತ ಕೆಳಗೆ. ಯಾರಾದ್ರೂ ಮೈದಾನದೊಳಗೆ ಬಂದ್ರೆ ತಕ್ಷಣ ಇಳಿಸಬೇಕು. ತಾರಸಿ ಅನ್ನೋ ಮಾತೇ ಇಲ್ಲ."

ವಾರಕ್ಕೊಂದು ಗಂಟೆ. ಮಾಸ್ಟರು ಆ ಎರಡು ಕೆಂಪು ಗೆರೆಗಳನ್ನು ನೋಡುತ್ತ ನಿಂತರು. ಅಷ್ಟು ಜನ ಕೂಡಿ ತಮಗಾಗಿ ಅಳೆದು ಬಿಟ್ಟುಕೊಟ್ಟ ಆಕಾಶದ ತುಂಡು ಅದು.

"ಸಾಕು ಮೇಡಂ. ಧಾರಾಳ ಆಯ್ತು" ಎಂದರು.

ಟೀಚರ್ ಒಳಗೆ ಹೋಗಿ ಬಟ್ಟೆಯ ಗಂಟು ತಂದು ಅವರ ಕೈಗೆ ಹಾಕಿದರು. "ಅಳತೆ ಹಳೇದೇ. ಮಿಕ್ಕ ಮೂರು ಜನಕ್ಕೂ ನಾನೇ ಹೇಳ್ತೀನಿ, ಈ ವಿಡಿಯೋನೂ ತೋರಿಸ್ತೀನಿ. ಯಾವಾಗ ಕೊಡ್ತೀರಾ?"

"ಬುಧವಾರ ರೆಡಿ ಮೇಡಂ" ಎಂದರು ಮಾಸ್ಟರು, ಎದೆಯ ಮೇಲೆ ಕೈಯಿಟ್ಟು.

ಆ ಮಾತೊಂದನ್ನು ಮಾತ್ರ ಟೀಚರ್ ನಂಬಲಿಲ್ಲ.