ರಾಹುಕಾಲದಲ್ಲಿ ಎಣಿಸಿದ ಮೂಟೆಗಳು

ಗುಮಾಸ್ತನಾದ ನಾನು ಬ್ಯಾಂಕಿನ ಆಫೀಸರ್ ಆಗುವುದು ಆಗದ ಮಾತು ಎಂದವರು ನಮ್ಮ ಶಾಖೆಯ ಹೆಡ್ ಗುಮಾಸ್ತರು. ಮರೆಯಲ್ಲಿ ಅಂದದ್ದಲ್ಲ, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗಲೇ ಅಂದರು.

"ಬೇಸಾಯದ ಮನೆಯೋರಿಗೆ ಸಾಲ ತಗೊಳ್ಳೋದು ಗೊತ್ತು ಕಣಯ್ಯ. ಕೊಡೋದು ಬೇರೆ ವಿದ್ಯೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ನಮ್ಮೂರು ಮೇಟಗಳ್ಳಿಯಿಂದ ಪೇಟೆಯ ಕಾಲೇಜಿಗೆ ದಿನವೂ ನಡೆದು ಪಡೆದದ್ದು. ನಕ್ಕು ಸುಮ್ಮನಾಗುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಆಫೀಸರ್ ಆಗಬೇಕಾದರೆ ಬ್ಯಾಂಕಿನ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ಶಾಖೆಯಿಂದ ಒಂದೇ ಹೆಸರು ಹೋಗುತ್ತಿತ್ತು. ಹೆಡ್ ಗುಮಾಸ್ತರು ಹೇಳಿದ ಹೆಸರನ್ನೇ ಮ್ಯಾನೇಜರು ಬರೆಯುವುದು ರೂಢಿ. ಅದು ನನ್ನ ಹೆಸರಾಗಬೇಕೆಂಬುದೇ ನನ್ನ ಹಟ.

ಆ ವರ್ಷ ಸ್ಟಾಕ್ ನೋಡಿ ಬರುವ ಕೆಲಸ ನನಗೆ ಬಿತ್ತು. ಸಂತೆಪೇಟೆಯ ಮಂಡಿ ಸಾಹುಕಾರರೊಬ್ಬರು ಬೆಲ್ಲದ ಮೇಲೆ ದೊಡ್ಡ ಸಾಲ ಪಡೆದಿದ್ದರು. ಮಾಲು ಅವರ ಗೋಡೌನಿನಲ್ಲೇ ಇರುತ್ತದೆ. ತಿಂಗಳಿಗೊಂದು ಶುಕ್ರವಾರ ನಾವು ಹೋಗಿ ಮೂಟೆ ಎಣಿಸಬೇಕು. ಮೂಟೆ ಇದ್ದರೆ ಸಾಲಕ್ಕೆ ಭಯವಿಲ್ಲ. ಆದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆಗ ನಮ್ಮವರು ಯಾರೂ ಬ್ಯಾಂಕಿನ ಹೊಸಿಲು ದಾಟುತ್ತಿರಲಿಲ್ಲ. ಹನ್ನೆರಡು ಹೊಡೆದ ಮೇಲೆ ಹೊರಡುವುದು, ಸಾಹುಕಾರರು ಕೊಟ್ಟ ಕೇಸರಿಬಾತು ತಿನ್ನುವುದು, ಎಣಿಸಿ ಸಹಿ ಹಾಕುವುದು. ವರ್ಷಗಟ್ಟಲೆ ಒಂದು ಮೂಟೆಯೂ ಕಮ್ಮಿ ಬಂದಿರಲಿಲ್ಲ.

ನನ್ನ ಮೊದಲ ಶುಕ್ರವಾರ ನಾನು ಹನ್ನೊಂದಕ್ಕೇ ಸೈಕಲ್ ತೆಗೆದೆ. ಧೈರ್ಯ ತೋರಿಸಲಿಕ್ಕಲ್ಲ, ಮಧ್ಯಾಹ್ನ ಇನ್ನೆರಡು ಮಂಡಿ ನೋಡುವುದಿತ್ತು.

"ರಾಹುಕಾಲ ಕಣಯ್ಯ!" ಎಂದು ಹೆಡ್ ಗುಮಾಸ್ತರು ಒಳಗಿನಿಂದ ಕೂಗಿದರು.

"ನಮ್ಮಪ್ಪ ರಾಹುಕಾಲದಲ್ಲೂ ಹೊಲ ಉಳ್ತಾರೆ ಸಾರ್" ಅಂದೆ.

ಗೋಡೌನಿನ ಮುಂದೆ ಎರಡು ಎತ್ತಿನ ಗಾಡಿ ನಿಂತಿದ್ದವು. ಅವುಗಳಿಂದ ಬೆಲ್ಲದ ಮೂಟೆ ಇಳಿಯುತ್ತಿತ್ತು. ಮೂಟೆಗಳ ಮೇಲೆ ಪಕ್ಕದ ಬೀದಿಯಲ್ಲಿದ್ದ ಸಾಹುಕಾರರ ಭಾವಮೈದುನನ ಮಂಡಿಯ ಗುರುತು. ಒಳಗೆ ನೋಡಿದರೆ ಅರ್ಧ ಗೋಡೌನು ಖಾಲಿ. ಹನ್ನೆರಡಕ್ಕೆ ಹೋಗಿದ್ದರೆ ಗುರುತು ಗೋಡೆಯ ಕಡೆಗೆ ತಿರುಗಿಸಿದ ಮೂಟೆಗಳಿಂದ ಅದು ತುಂಬಿರುತ್ತಿತ್ತು, ಸಂಜೆಗೆ ಅವು ಅದೇ ಗಾಡಿಗಳಲ್ಲಿ ವಾಪಸು ಹೋಗಿರುತ್ತಿದ್ದವು.

"ಇದೇನ್ ಸ್ವಾಮಿ, ಇಷ್ಟೊತ್ಗೇ ಬಂದ್ಬುಟ್ರಿ! ಮೊದ್ಲು ಕಾಫಿ ತಗೊಳ್ಳಿ" ಎಂದರು ಸಾಹುಕಾರರು. ಮುಖ ಬೆವೆತಿತ್ತು.

"ಎಣಿಸ್ಬುಟ್ಟು ಕುಡೀತೀನಿ."

ಪರರ ಗುರುತಿನ ಮೂಟೆ ಬಿಟ್ಟು ಉಳಿದವನ್ನು ಎಣಿಸಿದೆ. ಕಂಡದ್ದನ್ನು ಕಂಡ ಹಾಗೆ ಬರೆದೆ. ಮ್ಯಾನೇಜರು ನನ್ನ ವರದಿಯನ್ನು ಎರಡು ಸಲ ಓದಿದರು. ಹೊಸ ಸಾಲ ನಿಲ್ಲಿಸಿ, ಸಾಹುಕಾರರನ್ನು ಕರೆಸಿ, ಸ್ವಲ್ಪ ಸ್ವಲ್ಪವಾಗಿ ಬಾಕಿ ಕಟ್ಟಿಸಿಕೊಂಡರು. ಎಣಿಕೆಗೆ ಹೋಗುವ ದಿನ, ಹೊತ್ತು ಇನ್ನು ಮುಂದೆ ಯಾರಿಗೂ ತಿಳಿಯಕೂಡದು ಎಂದು ಆಜ್ಞೆಯಾಯಿತು. ಪರೀಕ್ಷೆಗೆ ಅವರು ಬರೆದದ್ದು ನನ್ನ ಹೆಸರು. ಆ ಸಲ ಹೆಡ್ ಗುಮಾಸ್ತರನ್ನು ಕೇಳಲೇ ಇಲ್ಲ.

ಎರಡು ವರ್ಷ ಕೋಳಿ ಕೂಗುವ ಮುಂಚೆ ಎದ್ದು ಓದಿದೆ. ಒಂದು ಪೇಪರು ಫೇಲಾಗಿ ಮತ್ತೆ ಕಟ್ಟಿದೆ. ಪಾಸಾದೆ.

ಸರ್ಟಿಫಿಕೇಟು ಕೊಡುವ ದಿನ ಅವ್ವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಖೆಗೆ ಕರೆತಂದೆ. ಮ್ಯಾನೇಜರು ಎಲ್ಲರೆದುರು ಅದನ್ನು ನನ್ನ ಕೈಗಿತ್ತರು. ನಾನು ಅವ್ವನಿಗೆ ಕೊಟ್ಟೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಗಾಜಿನ ಕಟ್ಟು ಹಾಕ್ಸಪ್ಪ" ಅಂದಳು. "ದುಡ್ಡು ನಾನ್ ಕೊಡ್ತೀನಿ. ಸಾಲ ಗೀಲ ಮಾಡ್ಬುಟ್ಟೀಯ!"