ಗೋದಾಮಿನೊಳಗಿನ ಕೂಗು

ದೆವ್ವ ಕಂಡೆ, ಗಾಳಿ ಸೋಕಿತು ಎನ್ನುವವರನ್ನು ನಾನು ಬೈದು ಕಳಿಸುತ್ತಿದ್ದೆ. ವಕೀಲಿ ಮಾಡುವವಳಿಗೆ ಸಾಕ್ಷಿ ಬೇಕು, ಕಥೆಯಲ್ಲ. ಈಗ ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಂಬಿ ಎಂದು ಅಂಗಲಾಚುವುದಿಲ್ಲ.

ಸುರಪುರದ ಕಡೆ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಆ ಸೀಮೆಯ ಒಂದು ಸಣ್ಣ ಜೈಲಿಗೆ ನಾನು ಕೈದಿಗಳ ಸ್ಥಿತಿಗತಿ ನೋಡಲು ಸರ್ಕಾರ ನೇಮಿಸಿದ ಸಂದರ್ಶಕಿ. ಯಾವ ಖೋಲಿಯನ್ನಾದರೂ ತೆಗೆಸಿ ನೋಡುವ ಹಕ್ಕು ನನಗಿತ್ತು. ಒಂದು ಮಧ್ಯಾಹ್ನ ಹೋದಾಗ ಕಕ್ಕೇರಾದ ಮಲ್ಲಮ್ಮ ಜೈಲಿನ ಬಾಗಿಲ ಮುಂದೆ ರೊಟ್ಟಿ ಗಂಟು ಹಿಡಿದು ಕೂತಿದ್ದಳು. ಕಾಲುವೆಯ ತೂಬು ಎತ್ತಿ ಕೊನೆಯ ಹೊಲಗಳಿಗೆ ನೀರು ಹರಿಸಿದ ಎಂಬ ಕೇಸಿನಲ್ಲಿ ಅವಳ ಗಂಡ ಭೀಮಣ್ಣ ಒಳಗಿದ್ದ.

"ಬಂದಾಗೊಮ್ಮೆ ಯಾದಗಿರಿ ಕೋರ್ಟಿಗೆ ಹೋಗ್ಯಾನ ಅಂತಾರ್ರೀ ಅಕ್ಕಾ. ಜೀವಂತ ಅದಾನೋ ಇಲ್ಲೋ, ಅದಷ್ಟ ನೋಡಿ ಬರ್ರಿ," ಎಂದಳು.

ಜೈಲರ್ ನನಗೂ ಅದನ್ನೇ ಒಪ್ಪಿಸಿದ. ಖೋಲಿಗಳನ್ನೆಲ್ಲ ನೋಡಿದೆ. ಭೀಮಣ್ಣ ಇರಲಿಲ್ಲ. ಹೊರಡಲು ತಿರುಗಿದಾಗ ಹಿತ್ತಲಿನ ಗೋದಾಮಿನಿಂದ ಗಂಡಸಿನ ದನಿ ಕೇಳಿತು: "ಪಾಳಿ ಬಂತೋ... ನೀರ್ ತಿರುವಿಕೊಳ್ರೋ!" ನಮ್ಮ ಕಡೆ ಮೇಲಿನ ಹೊಲದವನ ಸರದಿ ಮುಗಿದಾಗ ಕೆಳಗಿನವನಿಗೆ ಹೀಗೆಯೇ ಕೂಗುತ್ತಾರೆ. ಆದರೆ ಅದು ಬೇಸಿಗೆ, ಕಾಲುವೆಗೆ ನೀರು ಬಿಡುವುದು ನಿಂತಿತ್ತು.

"ಯಾರದು?" ಎಂದೆ.

"ಯಾರೂ ಕೂಗಿಲ್ರೀ ಮೇಡಂ. ಬಿಸಲಾಗ ಬಂದೀರಿ, ತಲಿ ತಿರಗಾಕತ್ತೈತಿ. ಚಾ ಕುಡದು ಹೋಗ್ರಿ," ಎಂದ ಜೈಲರ್.

ಪಕ್ಕದಲ್ಲಿದ್ದ ಪೇದೆಗೂ ಏನೂ ಕೇಳಿಸಿರಲಿಲ್ಲವಂತೆ. ನನಗೆ ಮೈ ಉರಿಯಿತು. ಗೋದಾಮು ತೆಗೆಯಿರಿ ಎಂದೆ. ಕೀಲಿ ಇಲ್ಲ ಎಂದ ಜೈಲರ್.

"ಕೀಲಿ ಸಿಗೋತನಕ ಇಲ್ಲೇ ಕೂಡ್ತೀನಿ. ಹೊರಗಿನ ಮಲ್ಲಮ್ಮನ್ನೂ ಕರದು ಕೂಡಿಸ್ಕೋತೀನಿ," ಎಂದು ಬಾಗಿಲ ಮುಂದೆ ನೆಲದ ಮೇಲೆ ಕುಳಿತುಬಿಟ್ಟೆ. ಕೊನೆಗೆ ಕೀಲಿ ಅವನ ಕಿಸೆಯಲ್ಲೇ ಸಿಕ್ಕಿತು.

ಗೋಣಿಚೀಲಗಳ ನಡುವೆ ಭೀಮಣ್ಣ ಎಚ್ಚರವಿಲ್ಲದೆ ಬಿದ್ದಿದ್ದ. ಮೈಯೆಲ್ಲ ಬಾಸುಂಡೆ, ತುಟಿ ಒಣಗಿ ಒಡೆದಿತ್ತು. ಕೈದಿಗಳಿಗೆ ನಿಯಮದಷ್ಟು ಊಟ ಕೊಡಿ ಎಂದು ಕೇಳಿದ್ದೇ ಅವನ ತಪ್ಪು. ಆಸ್ಪತ್ರೆಗೆ ಒಯ್ದೆವು, ಬದುಕಿಕೊಂಡ. ಆದರೆ ಅವನ ಕೂಗು ಕೇಳಿ ಬಾಗಿಲು ತೆಗೆಸಿದೆ ಎಂದಾಗ ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. "ಗಂಟಲು ಪೂರ್ತಿ ಬಾತೈತ್ರಿ. ಇಂವ ಕೂಗೂದು ಸಾಧ್ಯನ ಇಲ್ಲ." ಭೀಮಣ್ಣನಿಗೂ ಕೂಗಿದ ನೆನಪಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಅದನ್ನೇ ಹಿಡಿದುಕೊಂಡರು. ಅವನು ಕೂಗಿಲ್ಲವೆಂದ ಮೇಲೆ ನಿಮಗೆ ಸುದ್ದಿ ಕೊಟ್ಟ ಕೈದಿ ಯಾರು, ಹೆಸರು ಹೇಳಿ ಎಂದರು. ಯಾವುದೋ ಒಂದು ಹೆಸರು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಆ ಕೈದಿಯ ಬೆನ್ನು ಉಳಿಯುತ್ತಿರಲಿಲ್ಲ. ಕೂಗು ಕೇಳಿದೆ ಎಂದೇ ಬರೆಸಿದೆ. ಅವರು ನಕ್ಕರು. ಸಂದರ್ಶಕಿಯ ಹುದ್ದೆಯೂ ಹೋಯಿತು. ಹೋಗಲಿ ಬಿಡಿ, ಅದಕ್ಕೆ ನಾನು ಅತ್ತವಳಲ್ಲ.

ಅದು ಯಾರ ದನಿಯೋ ನನಗೆ ಇಂದಿಗೂ ಗೊತ್ತಿಲ್ಲ. ನಿಜವಾಗಿ ಕೂಗಿದವರು ಯಾರು ಎಂದು ಸಿಕ್ಕವರೆಲ್ಲ ಈಗಲೂ ನನ್ನನ್ನು ಕೇಳುತ್ತಾರೆ. ಯಾರೂ ಕೂಗದಿದ್ದರೆ ನೀನು ಆ ಬಾಗಿಲು ಯಾವಾಗ ತೆಗೆಯುತ್ತಿದ್ದೆ ಎಂದು ಜೈಲರನನ್ನು ಮಾತ್ರ ಒಬ್ಬರೂ ಕೇಳಲಿಲ್ಲ.