ಅಕ್ಕನ ಸೀಟಿನ ಅಳತೆ

ಕಳೆದ ವಾರ ಶಾಲೆಯ ಕಪಾಟು ಖಾಲಿ ಮಾಡುವಾಗ ಕರಿಹಲಗೆಯ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕ ಕೈಗೆ ಬಂತು. ಅದರ ಚಪ್ಪಟೆ ಅಂಚಿನುದ್ದಕ್ಕೂ ಕಪ್ಪು ಗ್ರೀಸು. ಮೂಗಿಗೆ ಹಿಡಿದೆ. ಸೀಮೆಸುಣ್ಣ, ಧೂಳು, ಅದರಡಿಯಲ್ಲಿ ಸೈಕಲ್ ಚೈನಿನ ವಾಸನೆ. "ಇದ್ಯಾಕ್ ಸಾರ್ ಹಿಂಗ್ ಮೆತ್ಕಂಡಿದೆ?" ಎಂದು ಎದುರಿಗಿದ್ದ ಕನ್ನಡ ಮೇಡಂ ಕೇಳಿದರು. ಮಕ್ಕಳ ಕಿತಾಪತಿ ಎಂದುಬಿಟ್ಟೆ. ಸುಳ್ಳು. ಅದರಲ್ಲಿ ನಾನು ನನ್ನ ಅಕ್ಕನ ಬೆನ್ನು ಅಳೆದಿದ್ದೆ.

ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೇ ಕೇಳಬೇಡಿ. ಸರದಿಯಲ್ಲಿ ಬಹಳ ಜನ ನಿಂತಿದ್ದಾರೆ, ನನ್ನನ್ನೂ ಸೇರಿಸಿ.

ಅಕ್ಕ ಕಡೂರಿನಲ್ಲಿ ನರ್ಸ್, ನನಗಿಂತ ಐದು ವರ್ಷ ದೊಡ್ಡವಳು. ನಾನು ತರೀಕೆರೆಯಲ್ಲಿ ಗಣಿತದ ಮೇಷ್ಟ್ರು. ಮೂರು ವರ್ಷದ ಹಿಂದೆ, ಇಬ್ಬರೂ ನಲವತ್ತರ ಆಸುಪಾಸಿನಲ್ಲಿದ್ದಾಗ, ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಮೊದಲು ಈಜು, ಮೈ ಒರೆಸಿಕೊಳ್ಳುವಷ್ಟರಲ್ಲಿ ಸೈಕಲ್, ಇಳಿದ ಕಾಲಲ್ಲೇ ಓಟ. ನೀರಿಗಿಳಿದರೆ ಅವಳು ನನ್ನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಓಟದಲ್ಲಿ ಸರಿಸಮ. ಸೈಕಲ್ಲಿಗೆ ಮಾತ್ರ ನಾನೇ ಪಂಡಿತ, ಏಕೆಂದರೆ ಸೈಕಲ್ಲಿನಲ್ಲಿ ಕೋನಗಳಿವೆ.

ಆಷಾಢದಲ್ಲಿ ಅಜ್ಜಂಪುರದಿಂದ ತರೀಕೆರೆ ಕಡೆಗೆ ತುಳಿದು ನೋಡಿ. ಬಯಲು, ಎದುರುಗಾಳಿ, ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬಿದ ಹಾಗೆ. ಅದಕ್ಕೆಂದೇ ಈ ಆಟದ ಸೈಕಲ್ಲಿಗೆ ಹ್ಯಾಂಡಲಿನ ಮೇಲೆ ಎರಡು ಮೆತ್ತೆ ಇರುತ್ತವೆ. ಮೊಳಕೈ ಅಲ್ಲಿ ಊರಿ, ಬೆನ್ನನ್ನು ಮೇಜಿನ ಹಾಗೆ ಮಲಗಿಸಿದರೆ ಗಾಳಿ ಮೇಲಿಂದ ಜಾರಿಹೋಗುತ್ತದೆ. ಬಗ್ಗಿದಷ್ಟೂ ವೇಗ. ಬಗ್ಗಿದಷ್ಟೂ ನರಕ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಮನುಷ್ಯ ಮೂರು ಗಂಟೆ ಕೂರಬಲ್ಲ ಜಾಗ ಇದೆ. ಅದನ್ನು ಹುಡುಕಿಕೊಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟೆ.

ನಮ್ಮ ಮನೆಯ ಹಜಾರದಲ್ಲಿ ಸೈಕಲನ್ನು ಸ್ಟ್ಯಾಂಡಿಗೆ ಬಿಗಿದೆ. ಗಾರೆ ಕೆಲಸದವರಿಂದ ತೂಗುಗುಂಡು ಇಸಿದುಕೊಂಡು ಬಂದು ಮೊಣಕಾಲಿನಿಂದ ಪೆಡಲಿನ ನೇರಕ್ಕೆ ಇಳಿಬಿಟ್ಟೆ. ಕೋನಮಾಪಕ ಸೊಂಟಕ್ಕೆ ಹಿಡಿದೆ. ಆ ದಿನ ನನಗಾದ ಆನಂದವನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ. ಅಕ್ಕ ತುಳಿಯುತ್ತಲೇ, "ಏನಪ್ಪಾ ಮೇಷ್ಟ್ರೇ, ಪಾಸೋ ಫೇಲೋ?" ಎಂದಳು. ಮೊದಲ ದರ್ಜೆ ಎಂದೆ.

ವಾರದ ಮೇಲೆ ಫೋನು. "ಕತ್ತು ಹಿಡ್ಕಂಡಿದೆ ಕಣೋ. ಏನಾದ್ರೂ ಮಾಡು."

ಮೆತ್ತೆಗಳನ್ನು ಎರಡು ಬೆರಳು ಎತ್ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಬೆನ್ನು ಏಳುತ್ತದೆ, ಗಾಳಿ ಹಿಡಿಯುತ್ತದೆ, ನಾನು ಅಳೆದು ಕೂರಿಸಿದ ಕೋನ ಕೆಡುತ್ತದೆ. ಅದರ ಬದಲು ಸೀಟನ್ನು ಮುಂದಕ್ಕೆ ತಳ್ಳಿದೆ. ಇನ್ನೊಂದು ವಾರಕ್ಕೆ ಮತ್ತೆ ಕತ್ತು. ಮತ್ತೆ ತಳ್ಳಿದೆ. ಮೂರನೆಯ ಸಲ ಕತ್ತಿನ ವ್ಯಾಯಾಮದ ವಿಡಿಯೋ ಕಳಿಸಿದೆ. ನಮ್ಮ ಸೈಕಲ್ ಗುಂಪಿನಲ್ಲೊಬ್ಬರು ದಿನಾ ಬೆಳಿಗ್ಗೆ ನೋವೇ ಗುರು, ನೋವೇ ಗೆಲುವು ಎಂದು ಹಾಕುತ್ತಿದ್ದರು, ಕೆಳಗೆ ಹುಲಿಯ ಚಿತ್ರ. ಅದನ್ನೂ ಅವಳಿಗೆ ಕಳಿಸಿದೆ.

ಅವಳಿಗೆ ಕತ್ತು ನೋಯುತ್ತಲೇ ಇರಲಿಲ್ಲ.

ಸೀಟು ಮುಂದೆ ಬಂದಷ್ಟೂ ಸೊಂಟ ಮುಂದಕ್ಕೆ ಉರುಳುತ್ತದೆ. ಕೂರುವ ಮೂಳೆಗಳು ಹೊರಬೇಕಾದ ಭಾರ ಸೀಟಿನ ಸಣ್ಣ ಮೂತಿಯ ಮೇಲೆ, ಅಂದರೆ ದೇಹದ ತೀರಾ ಮೆತ್ತಗಿನ ಜಾಗದ ಮೇಲೆ ಬೀಳುತ್ತದೆ. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಗಾಯ. ಇದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನನಗೇ ಜೋಮು ಹಿಡಿದಾಗ ಗುಂಪಿನ ಗಂಡಸರ ಮುಂದೆ ಟೀ ಕುಡಿಯುತ್ತಾ ಹೇಳಿಕೊಂಡಿದ್ದೆ. ಬಿದ್ದು ಬಿದ್ದು ನಕ್ಕಿದ್ದರು. ನಕ್ಕಾದ ಮೇಲೆ ಮೂತಿ ಸೀಳಿದ ಸೀಟು ಯಾವುದು ಕೊಳ್ಳಬೇಕೆಂದು ಹೇಳಿದ್ದರು. ಕೊಂಡಿದ್ದೆ. ಅಕ್ಕನ ಬೆನ್ನು ಅಳೆಯುತ್ತಿದ್ದ ದಿನ ಪಕ್ಕದಲ್ಲೇ ನನ್ನ ಸೈಕಲ್ ಒರಗಿತ್ತು, ಸೀಳಿದ ಸೀಟಿನ ಸಮೇತ. ನಮಗೆ ಅದು ತಮಾಷೆ. ಅವಳಿಗೆ, ತಮ್ಮನ ಮುಂದೆ, ಕತ್ತು.

ದಿನವಿಡೀ ಇನ್ನೊಬ್ಬರ ಗಾಯ ತೊಳೆಯುವವಳು. ಬಾಣಂತಿಯರಿಗೆ ಗದರಿ ಬಾಯಿ ಬಿಡಿಸುವವಳು.

ಗೊತ್ತಾದದ್ದು ಹೇಗೆಂದು ಹೇಳುತ್ತೇನೆ. ಸ್ಪರ್ಧೆಗೆ ಎರಡು ವಾರ ಇತ್ತು. ಕಡೂರು, ಬೀರೂರು, ಅಜ್ಜಂಪುರ, ಅಲ್ಲಿಂದ ತರೀಕೆರೆ ಎಂದು ಹೊರಟಿದ್ದೆವು. ಅಂತರಘಟ್ಟೆಯ ಕವಲು ದಾಟಿದ ಮೇಲೋ ಮೊದಲೋ, ನೆನಪಿಲ್ಲ, ಅಕ್ಕ ಇಳಿದುಬಿಟ್ಟಳು. ಪಂಕ್ಚರ್ರಾ ಎಂದೆ. ಹ್ಯಾಂಡಲ್ ಹಿಡಿದು ಕಾಲು ಅಗಲಿಸಿ ನಿಂತಿದ್ದಾಳೆ, ತುಟಿ ಕಚ್ಚಿ. ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬಳು ಬದುವಿಗೆ ಬಂದಳು.

"ಯಾಕವ್ವಾ, ನಿಂತ್ಕಂಡ್ಬಿಟ್ಟೆ?"

ನನಗೆ ಎರಡು ತಿಂಗಳು ಹೇಳದಿದ್ದನ್ನು ಅಕ್ಕ ಆ ಗುರುತಿಲ್ಲದ ಅಜ್ಜಿಗೆ ಒಂದೇ ಉಸಿರಿಗೆ ಹೇಳಿದಳು. ತಗ್ಗಿದ ದನಿಯೇ, ಆದರೆ ಗಾಳಿ ನನ್ನ ಕಡೆಗೆ ಬೀಸುತ್ತಿತ್ತು. ರಕ್ತ ಎನ್ನುವ ಮಾತು ಕೇಳಿಸಿತು.

"ಅಯ್ಯೋ ಶಿವ್ನೇ! ಆ ಸೀಟು ಕೂರ್ಸಿದೋನು ಯಾವನವ್ವಾ?"

"ಇವ್ನೇ. ನನ್ ತಮ್ಮ."

ಅಜ್ಜಿ ನನ್ನ ಬಿಗಿ ಚಡ್ಡಿಯಿಂದ ಹಿಡಿದು ಟೋಪಿಯವರೆಗೂ ನೋಡಿದಳು. "ನೀನೊಂದ್ಸಲ ಕೂತ್ ನೋಡಿದ್ಯೇನಪ್ಪಾ ಅದ್ರ್ ಮ್ಯಾಲೆ?"

ತೆಪ್ಪಗಿರಬೇಕಿತ್ತು. ಅಕ್ಕನ ಮೇಲೆ ಕೂಗಾಡಿದೆ. "ನಂಗ್ಯಾಕೆ ಹೇಳ್ಲಿಲ್ಲ? ಎಷ್ಟ್ ಸಲ ಕೇಳಿದೀನಿ!"

"ಏನ್ ಕೇಳಿದೀಯೋ? ಕತ್ತು ಹೆಂಗಿದೆ ಅಂತ ಕೇಳಿದೀಯ. ಹೋಗೋ."

ಅಜ್ಜಿ ಒಂದು ಲಗೇಜ್ ಆಟೋಗೆ ಕೈ ಅಡ್ಡ ಹಾಕಿದಳು. ಅಕ್ಕ ಹಿಂದೆ ನಿಂತುಕೊಂಡೇ ಹೋದಳು, ಅವಳ ಸೈಕಲ್ ನಮ್ಮ ಮನೆಗೆ ಬಂತು. ಸ್ಪರ್ಧೆಗೆ ನಾನು ಹೋದೆ, ಅವಳು ಹೋಗಲಿಲ್ಲ. ಗಾಯ ಮಾಯಲು ಬಹಳ ದಿನ ಹಿಡಿಯಿತೆಂದು ಭಾವ ಹೇಳಿದರು. ಆಮೇಲೆ ಮೂರು ವರ್ಷ ಅಕ್ಕ ನನ್ನೊಡನೆ ಊಟ, ಹಬ್ಬ, ಎಲ್ಲ ಮಾತಾಡಿದಳು. ಸೈಕಲ್ ಎಂಬ ಪದ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಈ ಮೂರು ವರ್ಷ ನಾನು ಏನು ಮಾಡಿದೆ ಎನ್ನುತ್ತೀರಾ? ನೆನಪು ತಿದ್ದಿದೆ. ಹಜಾರದಲ್ಲಿ ಆ ದಿನ, "ಎಲ್ಲೆಲ್ಲಿ ನೋಯುತ್ತೆ ಹೇಳಕ್ಕಾ" ಎಂದು ನಾನು ಕೇಳಿದ್ದು, ಎಲ್ಲೂ ಇಲ್ಲ ಎಂದು ಅವಳು ತಲೆ ಅಲ್ಲಾಡಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ನಾಲ್ಕಾರು ಜನಕ್ಕೆ ಹೇಳಿಯೂ ಇದ್ದೆ. ಕೋನಮಾಪಕ ಸಿಕ್ಕ ಸಂಜೆ ಆಗ ಅಳತೆ ಬರೆದಿಟ್ಟಿದ್ದ ಪುಸ್ತಕ ತೆಗೆದು ನೋಡಿದೆ. ಸೀಟಿನ ಎತ್ತರ, ಸೊಂಟದ ಕೋನ, ವೇಗ, ಗಾಳಿಯ ದಿಕ್ಕು. ಮೂರು ಕಡೆ ಕತ್ತು. ಪುಸ್ತಕ ಮುಗಿಯುವವರೆಗೂ ನಾನು ಒಂದು ಪ್ರಶ್ನೆ ಕೇಳಿದ ಗುರುತಿಲ್ಲ. ಆ ತಲೆ ಅಲ್ಲಾಟವನ್ನು ನಾನೇ ಹುಟ್ಟಿಸಿಕೊಂಡಿದ್ದೆ. ಈರುಳ್ಳಿ ಹೊಲದ ಅಜ್ಜಿಯ ಮಾತೂ ನಾನು ಬರೆದಷ್ಟು ಚೊಕ್ಕವಾಗಿರಲಿಕ್ಕಿಲ್ಲ. ರಕ್ತ ಎಂದದ್ದು ಮಾತ್ರ ನಿಜ.

ಅವತ್ತೇ ಫೋನು ಮಾಡಿದೆ. "ಅಕ್ಕಾ, ನಾನು ಕೇಳೇ ಇರ್ಲಿಲ್ಲ."

"ಗೊತ್ತು ಕಣೋ" ಎಂದಳು. "ಈ ಸಲದ ಸ್ಪರ್ಧೆಗೆ ನಾನೇ ಹೆಸರು ಕೊಟ್ಟಿದೀನಿ. ಎರಡ್ ತಿಂಗಳಾಯ್ತು. ನನ್ ಸೈಕಲ್ಗೆ ಗಾಳಿ ಹೊಡ್ದಿಡು, ಭಾನುವಾರ ಬತ್ತೀನಿ."

ಮೊನ್ನೆ ಭಾನುವಾರ ಬಂದಳು. ಚೀಲದಲ್ಲಿ ಹೊಸ ಸೀಟು, ಅವಳೇ ಆರಿಸಿದ್ದು. ಅಲನ್ ಕೀ ಕೊಡು ಎಂದಳು, ಕೊಟ್ಟೆ. "ಸೈಕಲ್ ಗಟ್ಟಿಯಾಗ್ ಹಿಡ್ಕೋ. ಆ ಕಡೆ ತಿರುಗು." ಗೋಡೆಗೆ ಮುಖ ಮಾಡಿ ನಿಂತೆ. ಬೋಲ್ಟು ಸಡಿಲಿಸಿದ್ದು, ಹತ್ತಿದ್ದು, ಇಳಿದದ್ದು, ಮತ್ತೆ ಬಿಗಿದದ್ದು ಬರೀ ಸದ್ದಿನಲ್ಲಿ ತಿಳಿಯಿತು. ಎಷ್ಟು ಸಲವೋ. ಗಂಟೆಯಾಯಿತು, ಕಾಲು ಸೋತಿತು.

"ಎಷ್ಟಕ್ ಇಟ್ಟೆ?"

"ಅದೆಲ್ಲಾ ನಿಂಗ್ಯಾಕೆ?"

ಅಜ್ಜಂಪುರದ ದಾರಿ ಹಿಡಿದೆವು. ತಿರುಗಿ ಬರುವಾಗ ಗಾಳಿ ಎದುರು. ಅವಳ ಮೆತ್ತೆಗಳು ನಾನು ಒಪ್ಪುವುದಕ್ಕಿಂತ ಬಹಳ ಎತ್ತರ, ಬೆನ್ನು ಎದ್ದಿದೆ. ಹಿಂದಿನಿಂದ ನೋಡುತ್ತಿದ್ದಂತೆ ನನ್ನ ತಲೆಯಲ್ಲಿ ಹಾಳು ಕೋನದ ಲೆಕ್ಕ ಆಗಲೇ ಶುರುವಾಗಿತ್ತು, ಭುಜ ಇಳಿಸು ಎನ್ನುವ ಮಾತು ಗಂಟಲಿಗೆ ಬಂದಿತ್ತು. ನನ್ನ ಮೇಲೇ ನನಗೆ ಮೈಯೆಲ್ಲ ಉರಿಯಿತು. ಅವಳನ್ನು ದಾಟಿ ಮುಂದೆ ಹೋದೆ, ಗಾಳಿಗೆ ಎದೆ ಕೊಟ್ಟು ನೆಟ್ಟಗೆ ಕೂತೆ. ಮುಂದಿದ್ದರೆ ಅವಳ ಬೆನ್ನು ಕಾಣುವುದಿಲ್ಲ.

"ಅಕ್ಕಾ, ಎಲ್ಲಾದ್ರೂ ನೋಯ್ತಿದ್ಯಾ?" ತಿರುಗದೆ ಕೂಗಿದೆ.

"ಕಾಲು!" ಎಂದಳು ಹಿಂದಿನಿಂದ. "ಕಾಲೇ ಕಣೋ, ನಿಜವಾಗ್ಲೂ. ನಡಿ ಜೋರಾಗಿ."